ಸೋತು ಗೆದ್ದ ಮುತ್ಸದ್ದಿ

ಗಡಿಕಲ್ಲಿನ ವ್ಯಾಜ್ಯವು ದಾಯಾದಿಗಳ ನಡುವೆ ಹುಟ್ಟಿದರೆ ಎರಡು ಮನೆಗಳು ಹಾಳಾಗುವವು. ನೆರೆರಾಷ್ಟ್ರಗಳ ನಡುವೆ ಹುಟ್ಟಿದರೆ ಎರಡು ದೇಶಗಳ ತರುಣರು ಮಣ್ಣುಪಾಲಾಗುವರು. ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡೆನೆಂದ ಕೌರವನ ಹಟಕ್ಕೆ ಎಲ್ಲ ಕಾಲದಲ್ಲಿಯೂ ಅನುಯಾಯಿಗಳುಂಟು. ಪಂಚಾಯಿತಿಯ ಮುಂದೆ ಸೋತು, ಆ ಸೋಲನ್ನು ಒಪ್ಪಿ, ನೆರೆಯವನ ಸ್ನೇಹವನ್ನು ಉಳಿಸಿಕೊಂಡವರು ವಿರಳ. ಸ್ವೀಡನ್ ದೇಶದ ಯಾಲ್ಮಾರ್ ಬ್ರಾಂಟಿಂಗರು ಅಂತಹ ವಿರಳರಲ್ಲೊಬ್ಬರು.

1860ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಜನಿಸಿದ ಅವರು ಉಪ್ಸಾಲಾ ವಿಶ್ವವಿದ್ಯಾನಿಲಯದಲ್ಲಿ ಗಣಿತವನ್ನೂ ಖಗೋಳಶಾಸ್ತ್ರವನ್ನೂ ವ್ಯಾಸಂಗ ಮಾಡಿದರು. ಬಳಿಕ ನಕ್ಷತ್ರಗಳನ್ನು ಬಿಟ್ಟು ಪತ್ರಿಕೋದ್ಯೋಗಕ್ಕೆ ಇಳಿದು, ಕಾರ್ಮಿಕರ ಪತ್ರಿಕೆಗೆ ಬಹುಕಾಲ ಸಂಪಾದಕರಾಗಿದ್ದರು; ಅಚ್ಚು ಹಾಕಿದ ಲೇಖನಕ್ಕಾಗಿ ಸೆರೆವಾಸವನ್ನೂ ಅನುಭವಿಸಿದರು. 1896ರಲ್ಲಿ ತಮ್ಮ ಪಕ್ಷದ ಏಕೈಕ ಪ್ರತಿನಿಧಿಯಾಗಿ ಶಾಸನಸಭೆಗೆ ಆಯ್ಕೆಯಾದರು.

1905ರಲ್ಲಿ ನಾರ್ವೆ ದೇಶವು ಸ್ವೀಡನ್ನಿನೊಡನಿದ್ದ ಸಂಯೋಗವನ್ನು ಕಡಿದುಕೊಂಡಾಗ, ಬಲಪ್ರಯೋಗವೇ ತಕ್ಕ ಉತ್ತರವೆಂದು ಕೂಗುವವರಿಗೆ ಕೊರತೆಯಿರಲಿಲ್ಲ. ಬ್ರಾಂಟಿಂಗರು ಆ ಕೂಗನ್ನು ದೃಢವಾಗಿ ವಿರೋಧಿಸಿದರು. ಕಾರ್ಲ್‌ಸ್ಟಾಡ್‌ನಲ್ಲಿ ಸಂಧಾನ ನಡೆದು, ಗಡಿಯಲ್ಲಿನ ಕೋಟೆಗಳನ್ನು ಕೆಡವಲು ಒಪ್ಪಂದವಾಯಿತು. ರಕ್ತಪಾತವಿಲ್ಲದೆ ಎರಡು ರಾಜ್ಯಗಳು ಬೇರೆಯಾದವು.

ಇದಕ್ಕಿಂತ ಕಠಿನವಾದ ಪರೀಕ್ಷೆಯು ಆಲಂಡ್ ದ್ವೀಪಗಳ ವಿಷಯದಲ್ಲಿ ಬಂದಿತು. ಸ್ವೀಡನ್ ಫಿನ್ಲೆಂಡುಗಳ ನಡುವಣ ಸಮುದ್ರದಲ್ಲಿರುವ ಈ ದ್ವೀಪಸಮೂಹದ ಜನರ ಭಾಷೆ ಸ್ವೀಡಿಷ್. 1809ರಲ್ಲಿ ಸ್ವೀಡನ್ನು ಫಿನ್ಲೆಂಡಿನೊಡನೆ ಇವುಗಳನ್ನೂ ರಷ್ಯಕ್ಕೆ ತೆತ್ತಿತ್ತು. 1917ರಲ್ಲಿ ಫಿನ್ಲೆಂಡು ಸ್ವತಂತ್ರವಾಗುತ್ತಲೇ, ತಾಯ್ನಾಡನ್ನು ಸೇರುವೆವೆಂದು ದ್ವೀಪವಾಸಿಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಮಂದಿ ರುಜು ಹಾಕಿದರು. ಹೊಸದಾಗಿ ಸ್ವಾತಂತ್ರ್ಯ ಪಡೆದ ಫಿನ್ಲೆಂಡಿಗಾದರೋ ತನ್ನ ನೆಲವನ್ನು ತುಂಡರಿಸಿಕೊಡುವುದು ಅಸಾಧ್ಯವೆನಿಸಿತು. 1920ರ ಜೂನ್ ತಿಂಗಳಲ್ಲಿ ಅದು ದ್ವೀಪದ ಇಬ್ಬರು ಮುಖಂಡರನ್ನು ರಾಜದ್ರೋಹದ ಆರೋಪದ ಮೇಲೆ ಬಂಧಿಸಿತು.

ಆಗ ಸ್ವೀಡನ್ನಿನ ಪ್ರಧಾನಿ ಬ್ರಾಂಟಿಂಗರು. ಅಂತಃಕಲಹದಿಂದ ಬಳಲಿದ್ದ ನೆರೆರಾಜ್ಯದ ಮೇಲೆ ಜನರನ್ನು ಕೆರಳಿಸುವುದು ನುರಿತ ಸಂಪಾದಕರಿಗೆ ಕಷ್ಟವಲ್ಲ. ಅವರು ಆ ಹಾದಿಯನ್ನು ಹಿಡಿಯಲಿಲ್ಲ. ಬ್ರಿಟನ್ನು ವಿವಾದವನ್ನು ರಾಷ್ಟ್ರಸಂಘದ ಮುಂದಿಡಲು, ಅಲ್ಲಿಯೇ ಸ್ವೀಡನ್ನಿನ ವಾದವನ್ನು ಮಂಡಿಸಿದರು. ಮೊದಲ ನ್ಯಾಯವಿದರ ಸಮಿತಿಯ ಅಭಿಪ್ರಾಯವು ಅವರಿಗೆ ಆಸೆ ಹುಟ್ಟಿಸಿತು. ಎರಡನೆಯ ಸಮಿತಿಯು ಫಿನ್ಲೆಂಡಿನ ಪಕ್ಷವನ್ನು ಎತ್ತಿಹಿಡಿಯಿತು. 1921ರ ಜೂನ್ 24ರಂದು ದ್ವೀಪಗಳು ಫಿನ್ಲೆಂಡಿಗೆ ಸೇರಿದುವೆಂದು ತೀರ್ಪಾಯಿತು.

ಬ್ರಾಂಟಿಂಗರು ತೀರ್ಪು ನ್ಯಾಯವೆಂದು ನಟಿಸಲಿಲ್ಲ. ದ್ವೀಪವಾಸಿಗಳ ಇಚ್ಛೆ ಈಡೇರಲಿಲ್ಲವೆಂಬ ವ್ಯಥೆಯನ್ನು ಬಹಿರಂಗವಾಗಿ ತಿಳಿಸಿ, ಆದರೂ ಸ್ವೀಡನ್ನು ತೀರ್ಪಿಗೆ ನಿಷ್ಠೆಯಿಂದ ನಡೆಯುವುದೆಂದು ಸಾರಿದರು. ಅಂದು ತೀರ್ಪಿಗೆ ಬೆನ್ನು ತಿರುಗಿಸಿದ್ದರೆ ಸ್ವದೇಶದಲ್ಲಿ ಜಯಕಾರವು ದೊರೆಯುತ್ತಿತ್ತು; ಬಾಲ್ಟಿಕ್ ಸಮುದ್ರಕ್ಕೆ ಮತ್ತೊಂದು ಆರದ ಹಗೆಯೂ ದೊರೆಯುತ್ತಿತ್ತು.

ಸೋತ ಪಕ್ಷವು ಬರಿಗೈಯಲ್ಲಿ ಹಿಂದಿರುಗಲಿಲ್ಲ. ದ್ವೀಪಗಳ ಭಾಷೆ, ಶಾಲೆ, ಭೂಮಿಗಳಿಗೆ ಫಿನ್ಲೆಂಡು ರಕ್ಷಣೆಯ ಭರವಸೆಯಿತ್ತಿತು. ಅಲ್ಲಿ ಕೋಟೆಯನ್ನಾಗಲಿ ಸೈನ್ಯವನ್ನಾಗಲಿ ಇಡಕೂಡದೆಂದು ಅಕ್ಟೋಬರಿನಲ್ಲಿ ಹತ್ತು ರಾಷ್ಟ್ರಗಳು ರುಜು ಹಾಕಿದವು. ಒಬ್ಬರಿಗೆ ಒಡೆತನ, ಇನ್ನೊಬ್ಬರಿಗೆ ನಿರ್ಭಯ, ದ್ವೀಪವಾಸಿಗಳಿಗೆ ಸ್ವಯಮಾಡಳಿತ: ರಾಜಿಯ ತಿರುಳು ಇದು. ಅದೇ ವರ್ಷ ಬ್ರಾಂಟಿಂಗರು ನಾರ್ವೆಯ ಕ್ರಿಶ್ಚಿಯನ್ ಲಾಂಗೆಯವರೊಡನೆ ನೊಬೆಲ್ ಶಾಂತಿ ಪಾರಿತೋಷಕವನ್ನು ಹಂಚಿಕೊಂಡರು. ಮೂರು ಬಾರಿ ಪ್ರಧಾನಿಯಾಗಿ, 1925ರ ಫೆಬ್ರವರಿ 24ರಂದು ಕಾಲವಾದರು.

ಶತಮಾನ ಕಳೆದರೂ ಆಲಂಡಿನ ಶಾಲೆಗಳಲ್ಲಿ ಸ್ವೀಡಿಷ್ ನುಡಿಯೇ ನಡೆಯುತ್ತಿದೆ. 1922ರಲ್ಲಿ ಮೊದಲು ಸೇರಿದ ದ್ವೀಪಗಳ ಶಾಸನಸಭೆಯು ಇಂದಿಗೂ ಸೇರುತ್ತಿದೆ. ಅಂದಿನ ಪ್ರತಿಸ್ಪರ್ಧಿಗಳು ಇಂದು ಆಪ್ತಮಿತ್ರರು. ತೀರ್ಪಿತ್ತ ರಾಷ್ಟ್ರಸಂಘವೇ ಅಳಿದುಹೋಯಿತು, ತೀರ್ಪು ಉಳಿಯಿತು. ಗೆದ್ದವನು ಕೈ ಬಿಗಿಮಾಡದೆ ಕೊಟ್ಟುದರಿಂದಲೂ ಸೋತವನು ಕೊಟ್ಟ ಮಾತಿಗೆ ನಿಂತುದರಿಂದಲೂ ಅದು ಉಳಿಯಿತೆಂಬುದನ್ನು, ಗಡಿಯ ಮಾತೆತ್ತಿದೊಡನೆ ತೋಳೇರಿಸುವ ನಮ್ಮಂತಹ ಪತ್ರಿಕೆಗಳವರೂ ಮುತ್ಸದ್ದಿಗಳೂ ನೆನೆಯತಕ್ಕದ್ದು.