ಸುರಪುರದ ದೊರೆಯ ಹಸ್ತಾಂತರ

ಅತನೂರಿನ ಕಡೆಯ ಮುಪ್ಪಿನವರಿಗೆ ಗಡಿಯೆಂದರೇನೆಂದು ವಿವರಿಸಬೇಕಾಗಿಲ್ಲ. 1948ರವರೆಗೆ ಅಫಜಲಪುರದ ಸೀಮೆ ನಿಜಾಮರದು. ಭೀಮೆಯನ್ನು ದಾಟಿದರೆ ಇಂಡಿ, ಸಿಂದಗಿಗಳು ಆಂಗ್ಲರ ಮುಂಬಯಿ ಇಲಾಖೆಯವು. ಈಚೆ ಅಪರಾಧ ಮಾಡಿ ಆಚೆ ಸೇರಿದವನನ್ನು ಆಚೆಯ ಸರಕಾರದಿಂದ ಕೇಳಿ ಪಡೆಯಬೇಕು. ಹಾಗೆ ಒಪ್ಪಿಸುವದಕ್ಕೆ ಕಾಯಿದೆಯಲ್ಲಿ ಅಪರಾಧಿ-ಹಸ್ತಾಂತರವೆಂದು ಹೆಸರು. ಇದನ್ನು ಗಡೀಪಾರು ಎಂದು ಬರೆಯುವ ತಪ್ಪು ರೂಢಿ ನಮ್ಮ ಪತ್ರಿಕಾಬಂಧುಗಳಲ್ಲಿದೆ. ಬೇಡವಾದವನನ್ನು ಹೊರಗಟ್ಟುವದು ಗಡೀಪಾರು. ಬೇಕೆಂದವರ ಕೈಗೆ ವಿಚಾರಿಸಿ ಕೊಡುವದು ಹಸ್ತಾಂತರ. ವಿಚಾರಿಸದೆ ಕೊಟ್ಟರೆ ಏನಾಗುವದೆಂಬುದನ್ನು ಈ ಸೀಮೆಗೆ ದಕ್ಷಿಣದಲ್ಲಿರುವ ಸುರಪುರದ ಕೊನೆಯ ದೊರೆ ರಾಜಾ ವೆಂಕಟಪ್ಪನಾಯಕನ ಬಾಳಿನಲ್ಲಿ ಕಾಣಬಹುದು.

ಬೇಡರ ಅರಸುಮನೆಯಲ್ಲಿ 1834ರಲ್ಲಿ ಹುಟ್ಟಿದ ಆತನು ಎಳೆತನದಲ್ಲಿಯೇ ತಂದೆ ಕೃಷ್ಣಪ್ಪನಾಯಕನನ್ನು ಕಳೆದುಕೊಂಡನು. ತಾಯಿ ಈಶ್ವರಮ್ಮನ ಹಾಗೂ ಆಂಗ್ಲ ಅಧಿಕಾರಿ ಮೆಡೋಸ್ ಟೇಲರನ ನಡುವಿನ ಜಗ್ಗಾಟದಲ್ಲಿ ಬೆಳೆದನು. ಟೇಲರನನ್ನು ಬಾಲಕನು ಅಪ್ಪನೆಂದೇ ಕರೆಯುತ್ತಿದ್ದನಂತೆ. 1853ರಲ್ಲಿ ಅಧಿಕಾರವು ಕೈಗೆ ಬಂದಿತು. ನಾಲ್ಕು ವರ್ಷಗಳಲ್ಲಿ ದೇಶವೆಲ್ಲ ಹೊತ್ತಿಕೊಂಡಿತು. ನಾನಾಸಾಹೇಬನೊಡನೆ ಸಂಧಾನವಿದೆಯೆಂಬ ಶಂಕೆಯಿಂದ ಆಂಗ್ಲರು ಕ್ಯಾಪ್ಟನ್ ಕ್ಯಾಂಪಬೆಲ್ಲನನ್ನು ಸುರಪುರಕ್ಕೆ ಕಳುಹಿದರು. 1858ರ ಫೆಬ್ರುವರಿಯಲ್ಲಿ ನಾಯಕನ ಪಡೆಯು ಅವರ ದಂಡಿನ ಮೇಲೆ ಬಿದ್ದಿತು; ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಮಡಿದನು. ಆದರೆ ದೊಡ್ಡ ದಂಡು ಬರುತ್ತಿತ್ತು. ದೊರೆಯು ಕೆಲವೇ ಕುದುರೆ ಸವಾರರೊಡನೆ ಹೈದರಾಬಾದಿಗೆ ಹೋದನು.

ಹೈದರಾಬಾದಿಗೇ ಏಕೆ? ಸುರಪುರವು ನಿಜಾಮರಿಗೆ ಕಪ್ಪ ಕೊಡುವ ಸಂಸ್ಥಾನ. ತನ್ನ ಮೇಲರಸನ ಊರು ಸೇರಿದವನನ್ನು ಪರದೇಶಕ್ಕೆ ಓಡಿದವನೆನ್ನಲು ಬಾರದು. ಅಲ್ಲಿ ಆತನು ಸೆರೆಸಿಕ್ಕನು. ದಿವಾಣ ಸಾಲಾರಜಂಗನು ಆತನನ್ನು ಆಂಗ್ಲ ರೆಸಿಡೆಂಟನಿಗೆ ಒಪ್ಪಿಸಿದನು. ಅಪರಾಧವಾವುದು, ವಿಚಾರಿಸುವ ಅಧಿಕಾರ ಯಾರದು ಎಂಬ ಪ್ರಶ್ನೆಗಳನ್ನು ಯಾವ ನ್ಯಾಯಾಸನವೂ ಮೊದಲು ಎತ್ತಲಿಲ್ಲ. ಆಂಗ್ಲರ ಫೌಜಿ ನ್ಯಾಯಮಂಡಲಿಯು ಮರಣದಂಡನೆ ವಿಧಿಸಿತು. ಅದು ಮೊದಲು ಆಜೀವ ಕಾಲಾಪಾನಿಯಾಯಿತು. ಗವರ್ನರ್ ಜನರಲ್ ಕ್ಯಾನಿಂಗನು ಅದನ್ನು ನಾಲ್ಕು ವರ್ಷಗಳ ಸೆರೆಗೆ ಇಳಿಸಿದನು. ಚೆಂಗಲಪಟ್ಟಿನ ಕೋಟೆಗೆ ಒಯ್ಯುತ್ತಿರುವಾಗ, ಆಂಗ್ಲರ ಹೇಳಿಕೆಯಂತೆ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾನೇ ಗುಂಡು ಹಾರಿಸಿಕೊಂಡು ಸತ್ತನು. ವಯಸ್ಸು ಸುಮಾರು 24.

1860ರಲ್ಲಿ ಆಂಗ್ಲರು ಸುರಪುರವನ್ನು ನಿಜಾಮರಿಗೆ ಕೊಟ್ಟರು. ಇದು ಹಸ್ತಾಂತರದ ಬೆಲೆಯೆಂದು ನಾವು ಹೇಳುವದಿಲ್ಲ. 1857ರ ಜುಲೈಯಲ್ಲಿ ರೆಸಿಡೆನ್ಸಿಯ ಮೇಲೆ ದಾಳಿಯಾದಾಗಲೂ ದಿವಾಣನು ಆಂಗ್ಲರ ಪಕ್ಷವನ್ನೇ ಹಿಡಿದಿದ್ದನು, ಋಣವು ದೊಡ್ಡದಿತ್ತು. ಆದರೂ ಕೊಟ್ಟವನ ಸೀಮೆಗೇ ಕೊಡಲ್ಪಟ್ಟವನ ರಾಜ್ಯವು ಸೇರಿತೆಂಬುದು ಚರಿತ್ರೆಯಲ್ಲಿ ಉಳಿದಿದೆ.

ಹೈದರಾಬಾದಿಗೂ ಆಂಗ್ಲರಿಗೂ ಅಪರಾಧಿಗಳ ಹಸ್ತಾಂತರದ ಕರಾರು ಆದದ್ದು 1867ರಲ್ಲಿ. ಸ್ವತಂತ್ರ ಭಾರತದ ಕಾಯಿದೆ 1962ರದು. ಅದರಂತೆ ಪರರಾಷ್ಟ್ರವು ಕೇಳಿದೊಡನೆ ಯಾರನ್ನೂ ಕೊಡಲಾಗದು; ಮ್ಯಾಜಿಸ್ಟ್ರೇಟರು ಮೇಲ್ನೋಟದ ಪುರಾವೆಯನ್ನು ಪರಿಶೀಲಿಸಬೇಕು, ರಾಜಕೀಯ ಸ್ವರೂಪದ ಅಪರಾಧಕ್ಕಾಗಿ ಒಪ್ಪಿಸಬಾರದು. ಕೊಲೆ ಮೊದಲಾದ ಘೋರ ಕೃತ್ಯಗಳನ್ನು ರಾಜಕೀಯವೆಂದು ಎಣಿಸಬಾರದೆಂದು 1993ರ ತಿದ್ದುಪಡಿಯು ಹೇಳುವದರಿಂದ, ಇಂದಾಗಿದ್ದರೂ ನಾಯಕನು ಉಳಿಯುತ್ತಿದ್ದನೆಂದು ಯಾವ ವಕೀಲನೂ ಭರವಸೆ ಕೊಡಲಾರನು. ಆದರೆ ತಾನು ಓಡಿಬಂದವನಲ್ಲ, ತನ್ನ ಮೇಲರಸನ ಬಳಿಗೆ ಬಂದವನೆಂದು ಹೇಳಿಕೊಳ್ಳಲು ಆತನಿಗೆ ಒಂದು ದಿನವಾದರೂ ದೊರೆಯುತ್ತಿತ್ತು.