ಅನಂತಶಯನಂ ಅಯ್ಯಂಗಾರ್: ಒಂದು ಸ್ಮರಣೆ

ವೇಲಚೇರಿಯ ಕನ್ನಡಿಗರಾದ ನಾವು ತಿರುಪತಿಗೆ ಹೋದಾಗ ತಿರುಚಾನೂರಿನ ಪದ್ಮಾವತಿ ಅಮ್ಮನವರ ದರ್ಶನವನ್ನು ತಪ್ಪಿಸುವುದಿಲ್ಲ. ಮಾಡಭೂಷಿ ಅನಂತಶಯನಂ ಅಯ್ಯಂಗಾರರು 1891ರಲ್ಲಿ ಜನಿಸಿದ್ದು ಆ ಊರಿನಲ್ಲಿಯೇ. ಮದರಾಸಿನಲ್ಲಿ ವ್ಯಾಸಂಗ ಮಾಡಿ ವಕೀಲರಾದ ಅವರು ಸ್ವಾತಂತ್ರ್ಯಕ್ಕಾಗಿ ಸೆರೆವಾಸವನ್ನೂ ಅನುಭವಿಸಿದರು. 1956ರಲ್ಲಿ ಲೋಕಸಭೆಯ ಸ್ಪೀಕರ್ ಆದರು.

ಅದಕ್ಕೂ ಮುನ್ನ ಅವರು ಮಾಡಿದ ಕಾರ್ಯವೊಂದು ಸ್ಮರಣೀಯ. 1871ರಲ್ಲಿ ಬ್ರಿಟಿಷರು ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಹುಟ್ಟನ್ನೇ ಅಪರಾಧವೆಂದು ಎಣಿಸಿತ್ತು. ಪಟ್ಟಿಗೆ ಸೇರಿದವರು ಪೊಲೀಸರಿಗೆ ಹಾಜರಿ ಕೊಡಬೇಕಿತ್ತು. ಹುಬ್ಬಳ್ಳಿಯ ಸೆಟ್ಲ್‌ಮೆಂಟ್ ಆ ಕಾಲದ್ದೇ. 1924ರ ಕಾಯಿದೆಯಂತೆ, ಅದರಲ್ಲಿ ಹೆಸರಿಸಿದ ಅಪರಾಧಗಳಿಗೆ ಅವರು ಎರಡನೆಯ ಬಾರಿ ಸಿಕ್ಕಿಬಿದ್ದರೆ ಸಾಮಾನ್ಯವಾಗಿ ಕನಿಷ್ಠ 7 ವರ್ಷ ಸೆರೆ, ಮೂರನೆಯ ಬಾರಿ ಜೀವಾವಧಿ ಗಡೀಪಾರು. ಅದೇ ತಪ್ಪು ಮಾಡಿದ ಇತರರಿಗೆ ಈ ಕಟ್ಟಳೆ ಇರಲಿಲ್ಲ.

1949ರಲ್ಲಿ ನೇಮಕವಾದ ವಿಚಾರಣಾ ಸಮಿತಿಗೆ ಅಯ್ಯಂಗಾರರೇ ಅಧ್ಯಕ್ಷರು. ಈ ಕಾಯಿದೆ ರದ್ದಾಗಬೇಕು, ಕಾನೂನು ಜಾತಿಯನ್ನು ನೋಡದೆ ವ್ಯಕ್ತಿಯ ಕೃತ್ಯವನ್ನಷ್ಟೇ ನೋಡಬೇಕು ಎಂದು ಸಮಿತಿಯು ಶಿಫಾರಸು ಮಾಡಿತು. 1952ರ ಆಗಸ್ಟ್ 31ರಂದು ಕಾಯಿದೆ ಕೊನೆಗೊಂಡಿತು. ಆದರೆ ಆ ಸಮುದಾಯಗಳ ಮೇಲಿನ ಸಂಶಯ ಕಾಯಿದೆಯೊಡನೆ ಅಳಿಯಲಿಲ್ಲ.

ಅಯ್ಯಂಗಾರರು 1978ರಲ್ಲಿ ದಿವಂಗತರಾದರು. ಮುಂದಿನ ಬಾರಿ ತಿರುಚಾನೂರಿಗೆ ಹೋದಾಗ ನಮ್ಮ ಮಕ್ಕಳಿಗೆ ಅವರ ಹೆಸರನ್ನೂ ಹೇಳೋಣ.