ಮಣಿಪಾಲದ ಗುಡ್ಡ ಮತ್ತು ಪರವೂರ ಮಕ್ಕಳ ಸೂರು



ದಾನಗಳಲ್ಲಿ ವಿದ್ಯಾದಾನವು ಶ್ರೇಷ್ಠವೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಆದರೆ ಮನೆ ಬಿಟ್ಟು ಬಂದ ಮಗುವಿಗೆ ಮಲಗಲು ಸೂರು, ಹೊತ್ತಿಗೆ ಅನ್ನ ಇಲ್ಲದಿದ್ದರೆ ಆ ವಿದ್ಯೆ ಹತ್ತುವುದು ಹೇಗೆ? ಹಿಂದೆ ಬಡ ಹುಡುಗರು ವಾರಾನ್ನದ ಮೇಲೆ ಓದಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ನಮ್ಮ ವೀರಶೈವ ಮಠಗಳು ಪ್ರಸಾದ ನಿಲಯಗಳನ್ನು ತೆರೆದದ್ದು ಈ ಕೊರತೆಯನ್ನು ಕಂಡೇ. ಕರಾವಳಿಯಲ್ಲಿ ಇದೇ ಕೊರತೆಗೆ ಬೇರೊಂದು ದಾರಿಯಿಂದ ಪರಿಹಾರ ಹುಡುಕಿದವರು ಡಾ. ಟಿ.ಎಂ.ಎ. ಪೈ ಅವರು. ಬ್ರಹ್ಮಾವರ, ಕೋಟ, ಕುಂದಾಪುರದ ಹಿರಿಯರಿಗೆ ಈ ಹೆಸರು ಹೊಸದಲ್ಲ. ಅವರ ಬದುಕಿನಿಂದ ಕಲಿಯುವುದು ಮಾತ್ರ ಇನ್ನೂ ಉಳಿದಿದೆ.

ತೋನ್ಸೆ ಮಾಧವ ಅನಂತ ಪೈ ಅವರು 1898ರಲ್ಲಿ ಉಡುಪಿ ಸಮೀಪದ ಕಲ್ಯಾಣಪುರದಲ್ಲಿ ಜನಿಸಿದರು. ಆಗ ಈ ಸೀಮೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ವೈದ್ಯನಾಗಬೇಕೆಂಬ ಹುಡುಗ ಊರು ಬಿಟ್ಟು ದೂರದ ಮದರಾಸಿಗೇ ಹೋಗಬೇಕಾಗಿತ್ತು. ಅವರೂ ಹೋದರು, ಓದಿದರು, ತಿರುಗಿ ಬಂದು ಊರಿನ ರೋಗಿಗಳ ಸೇವೆಗೆ ನಿಂತರು. 1925ರಲ್ಲಿ ಅಣ್ಣ ಉಪೇಂದ್ರ ಪೈ ಹಾಗೂ ವಾಮನ ಕುಡ್ವ ಅವರೊಡನೆ ಸೇರಿ ಉಡುಪಿಯಲ್ಲಿ ಒಂದು ಬ್ಯಾಂಕು ಸ್ಥಾಪಿಸಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾದದ್ದು ಅದೇ. 1928ರಲ್ಲಿ ಆರಂಭವಾದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆ ಉಳಿಸಿದವನಿಗೂ ಖಾತೆ ದೊರೆಯಿತು. ಹನಿಗೂಡಿದರೆ ಹಳ್ಳವೆಂಬ ಗಾದೆಯನ್ನು ಅವರು ಲೆಕ್ಕಪುಸ್ತಕಕ್ಕೆ ಇಳಿಸಿದರು.

ಹಣ ಕೂಡಿಸಲು ಕಲಿಸಿದವರು ಬಳಿಕ ವಿದ್ಯೆಯ ಕಡೆ ತಿರುಗಿದರು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸ್ಥಾಪನೆಯಾಯಿತು. 1949ರಲ್ಲಿ ಉಡುಪಿಗೆ ಮಹಾತ್ಮಾಗಾಂಧಿ ಸ್ಮಾರಕ ಕಾಲೇಜು ಬಂದಿತು. 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್‌ಬಾ ವೈದ್ಯಕೀಯ ಕಾಲೇಜು ಎದ್ದಿತು. 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದಿತು. ವೈದ್ಯಕೀಯದ ಮೊದಲ ಹಂತದ ಪಾಠ ಮಣಿಪಾಲದಲ್ಲಿ, ರೋಗಿಗಳ ಬಳಿ ನಿಂತು ಕಲಿಯುವುದು ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ, ಹೀಗೆ ವ್ಯವಸ್ಥೆಯಾಯಿತು. ಬಾಡಿಗೆ ಮನೆಗಳೇ ಇಲ್ಲದ ಗುಡ್ಡಕ್ಕೆ ಪರವೂರ ಮಕ್ಕಳು ಬಂದಾಗ ಪಾಠದ ಕೋಣೆಯಷ್ಟೇ ವಿದ್ಯಾರ್ಥಿನಿಲಯವೂ ಅವಶ್ಯವಾಯಿತು. ಸರ್ಕಾರದ ಬೊಕ್ಕಸವನ್ನು ನೆಚ್ಚದೆ ಪಾಲಕರಿಂದಲೇ ಹಣ ಪಡೆದು ಕಾಲೇಜು ನಡೆಸಿದ ಕ್ರಮಕ್ಕೆ ಟೀಕೆಯೂ ಬಂದಿತು. ದಾಸೋಹದಲ್ಲಿ ಬೆಲೆಯಿಲ್ಲ, ಇಲ್ಲಿ ಬೆಲೆಯಿದೆ. ಈ ವ್ಯತ್ಯಾಸವನ್ನು ನಾವು ಮರೆಮಾಚುವುದಿಲ್ಲ. ಆದರೆ 1963ರಲ್ಲಿ ಅದೇ ಅಕಾಡೆಮಿಯ ಆಶ್ರಯದಲ್ಲಿ ಕುಂದಾಪುರಕ್ಕೆ ಭಂಡಾರ್ಕಾರ್ಸ್ ಕಾಲೇಜು ಬಂದದ್ದನ್ನೂ ಮರೆಯಬಾರದು. ಮನೆಯ ಗಂಜಿ ಉಂಡು ಬಸ್ಸು ಹತ್ತಿ ಪದವಿ ಓದಿದ ಹಳ್ಳಿಯ ಹೆಣ್ಣುಮಕ್ಕಳಿಗೆ ಇದರ ಬೆಲೆ ಗೊತ್ತು.

ಪೈ ಅವರು 1979ರಲ್ಲಿ ಲಿಂಗೈಕ್ಯರಾದರೆಂದು ನಮ್ಮ ಪರಿಭಾಷೆಯಲ್ಲಿ ಹೇಳಲಾಗದಿದ್ದರೂ, ಕಾಯಕ ಮುಗಿಸಿ ಹೋದರೆಂದು ಧಾರಾಳವಾಗಿ ಹೇಳಬಹುದು. ಅವರ ನಂತರ, 1993ರಲ್ಲಿ, ಮಣಿಪಾಲದ ಕಾಲೇಜುಗಳಿಗೆ ವಿಶ್ವವಿದ್ಯಾಲಯದ ಮಾನ್ಯತೆ ದೊರೆಯಿತು. ಮಣ್ಣಪಳ್ಳದ ಕೆರೆಯ ಸುತ್ತಲಿನ ಊರು ಪಟ್ಟಣವಾಯಿತು. ಊಟದ ಮೆಸ್ಸು, ಬಾಡಿಗೆ ಕೋಣೆ, ರಿಕ್ಷಾ, ಅಂಗಡಿ, ಎಲ್ಲವೂ ವಿದ್ಯಾರ್ಥಿಗಳನ್ನೇ ನೆಚ್ಚಿದವು. 2020ರ ಮಾರ್ಚಿಯಲ್ಲಿ ಕೊರೊನಾದಿಂದ ತರಗತಿಗಳು ನಿಂತು ಮಕ್ಕಳು ಊರಿಗೆ ಹೊರಟಾಗ, ಆ ಊರು ಯಾರಿಂದ ಬದುಕುತ್ತಿದೆ ಎಂಬುದು ಎಲ್ಲರಿಗೂ ತಿಳಿಯಿತು.

ಇಲ್ಲಿ ನಾವು ಆಲೋಚಿಸಬೇಕಾದ ಧರ್ಮಸೂಕ್ಷ್ಮವೊಂದಿದೆ. ವಾರಾನ್ನದ ಕಾಲದಲ್ಲಿ ಉಣಬಡಿಸಿದ ತಾಯಿಗೆ ಹುಡುಗನ ಹೆಸರು ಗೊತ್ತಿತ್ತು. ಅವನ ಮುಖ ಬಾಡಿದರೆ ಕಾರಣ ಕೇಳುತ್ತಿದ್ದಳು. ಇಂದು ಬಾಡಿಗೆಯವನಿಗೆ ಕೋಣೆಯ ಸಂಖ್ಯೆ ಮಾತ್ರ ಗೊತ್ತು. ತಿಂಗಳ ಮೊದಲ ದಿನ ಹಣ ಬಂದರೆ ಸಾಕು, ಜ್ವರ ಬಂದಿದೆಯೇ, ದುಶ್ಚಟಕ್ಕೆ ಬಿದ್ದಿದ್ದಾನೆಯೇ ಎಂದು ಕೇಳುವವರಿಲ್ಲ. ಅಂಗಳದಲ್ಲಿ ಪರರ ಮಗು ಬಿದ್ದರೆ ಎತ್ತುವ ನಾವು, ಮಾಳಿಗೆಯ ಮೇಲಿನ ಮಗುವನ್ನು ಕಾಣದಿರುವುದು ಸರಿಯೇ?

ಆದ್ದರಿಂದ ಹಿರಿಯರಲ್ಲಿ ನಮ್ಮ ಮಾತು ಇಷ್ಟೇ. ಕೋಣೆಯನ್ನು ಬಾಡಿಗೆಗೆ ಕೊಡಿ, ತಪ್ಪಲ್ಲ. ಆದರೆ ಜಾತಿ ಕೇಳಿ ಬಾಗಿಲು ಮುಚ್ಚಬೇಡಿ. ಹುಡುಗನ ತಂದೆಯ ಹೆಸರು, ಊರು ತಿಳಿದುಕೊಳ್ಳಿ. ಹಬ್ಬದ ದಿನ ಒಂದೆಲೆ ಹೆಚ್ಚು ಹಾಕಿ. ಹತ್ತು ಕೋಣೆ ಕಟ್ಟಿದವನು ಒಂದನ್ನಾದರೂ ಬಡ ಮಗುವಿಗೆ ಕಡಿಮೆ ಬಾಡಿಗೆಗೆ ಬಿಟ್ಟುಕೊಟ್ಟರೆ ಅದೇ ದಾಸೋಹ. ನಿಮ್ಮ ಮೊಮ್ಮಕ್ಕಳೂ ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಯಾರದೋ ಮಾಳಿಗೆಯ ಮೇಲೆ ಓದುತ್ತಿದ್ದಾರೆ. ಅವರನ್ನು ಅಲ್ಲಿನವರು ಹೇಗೆ ಕಾಣಬೇಕೆಂದು ಬಯಸುವಿರೋ, ಹಾಗೆಯೇ ಇಲ್ಲಿಗೆ ಬಂದವರನ್ನು ಕಾಣಿರಿ. ಗುಡ್ಡದ ಮೇಲೆ ಕಟ್ಟಡವೆಬ್ಬಿಸಲು ಒಬ್ಬ ಪೈ ಸಾಕಾದರು; ಅದರೊಳಗಿನ ಮಕ್ಕಳಿಗೆ ಮನೆಯಾಗಲು ಊರೇ ಬೇಕು. ಅಂಥ ಸದ್ಬುದ್ಧಿಯು ಸರ್ವರಿಗೂ ಲಭಿಸಲೆಂದು ಹಾರೈಸುತ್ತೇವೆ.